ಗೆಳೆಯನಿಗೊಂದು ಪತ್ರ: ಪಾರ್ಟಿಗೆ ಒಂದೇ ತುತ್ತಿನ ಹಣ್ಣಿನ ಟಾರ್ಟ್

ಪ್ರಿಯ ಗೆಳೆಯಾ,

ಪಾರ್ಟಿಗೆ ಪುಟಾಣಿ ಹಣ್ಣಿನ ಟಾರ್ಟ್ ಮಾಡಬೇಕು, ಆದರೆ ಬಡಿಸುವ ಹೊತ್ತಿಗೆ ತಳ ಮೆತ್ತಗಾಗಬಾರದು ಅಂತ ಬರೆದಿದ್ದೀಯ. ಈ ತಿನಿಸಿನ ಅರ್ಧ ಕಷ್ಟ ಇರುವುದೇ ಅಲ್ಲಿ. ಹಣ್ಣಿನಲ್ಲಿ ನೀರು, ಕ್ರೀಮಿನಲ್ಲಿ ನೀರು, ಫ್ರಿಜ್ಜಿನ ಗಾಳಿಯಲ್ಲೂ ತೇವ. ನಡುವೆ ಸಿಕ್ಕಿಕೊಂಡಿರುವುದು ಬೇಯಿಸಿದ ಹಿಟ್ಟಿನ, ಎರಡೂವರೆ ಮಿಲಿಮೀಟರ್ ದಪ್ಪದ ಒಂದು ಒಣ ಬಟ್ಟಲು. ದೊಡ್ಡ ಟಾರ್ಟಿನಲ್ಲಿ ತಳ ಚೂರು ಮೆತ್ತಗಾದರೂ ಅಂಚು ಗರಿಯಾಗಿ ಉಳಿಯುತ್ತದೆ. ಪುಟ್ಟದರಲ್ಲಿ ಆ ರಿಯಾಯಿತಿ ಇಲ್ಲ, ಕೆಟ್ಟರೆ ಇಡೀ ತುತ್ತೇ ಕೆಡುತ್ತದೆ. ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ನೀರು ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ ಕಣ್ಣಿಡು.

ಮೊದಲು ಲೆಕ್ಕ. ಬೇರೆ ಸಿಹಿಗಳೂ ಇದ್ದರೆ ತಲೆಗೆ 2ರಿಂದ 3, ಇದೊಂದೇ ಸಿಹಿಯಾದರೆ 4ರಿಂದ 5. ಇಲ್ಲಿ 48ಕ್ಕೆ ಅಳತೆ ಕೊಡುತ್ತಿದ್ದೇನೆ, ಅಂದರೆ 24 ಗುಳಿಯ ಮಿನಿ ಮಫಿನ್ ಟ್ರೇ ಎರಡು. ಗುಳಿಯ ಬಾಯಿ ಸುಮಾರು 4.5 ಸೆಂ.ಮೀ., ಆಳ 2 ಸೆಂ.ಮೀ. ಇರಲಿ. ಇದಕ್ಕಿಂತ ದೊಡ್ಡದಾದರೆ ಒಂದೇ ತುತ್ತಿಗೆ ಹೋಗುವುದಿಲ್ಲ. ಕಚ್ಚಿದಾಗ ಒಡೆದು ಪುಡಿಯೆಲ್ಲ ಬಟ್ಟೆಯ ಮೇಲೆ.

ಹಿಟ್ಟಿಗೆ: ಮೈದಾ 250 ಗ್ರಾಂ, ತಣ್ಣಗಿನ ಬೆಣ್ಣೆ 125 ಗ್ರಾಂ, ನುಣ್ಣಗಿನ ಸಕ್ಕರೆ ಪುಡಿ 90 ಗ್ರಾಂ, ಒಂದು ಮೊಟ್ಟೆ, ಕಾಲು ಟೀ ಚಮಚ ಉಪ್ಪು. ದಯವಿಟ್ಟು ತಕ್ಕಡಿಯಲ್ಲೇ ತೂಗು. ಕಪ್ಪಿನಲ್ಲಿ ಅಳೆದರೆ, ಒತ್ತಿ ತುಂಬಿದ ಮೈದಾಕ್ಕೂ ಸಡಿಲವಾಗಿ ತುಂಬಿದ್ದಕ್ಕೂ ತುಂಬಾ ವ್ಯತ್ಯಾಸ ಬರುತ್ತದೆ. ಹರಳು ಸಕ್ಕರೆ ಬೇಡ, ಅದು ಪೂರ್ತಿ ಕರಗದೆ ಚುಕ್ಕೆ ಚುಕ್ಕೆಯಾಗಿ ಕಂದಿ ಟ್ರೇಗೆ ಅಂಟುತ್ತದೆ. ಬೆಣ್ಣೆಯನ್ನು ಸಣ್ಣ ತುಂಡು ಮಾಡಿ, ಮೈದಾ, ಉಪ್ಪು, ಸಕ್ಕರೆ ಪುಡಿಯ ಜೊತೆ ಬೆರಳ ತುದಿಯಲ್ಲಿ ರವೆಯಂತಾಗುವವರೆಗೆ ಉಜ್ಜು. ಆಮೇಲೆ ಕಲಕಿದ ಮೊಟ್ಟೆ ಹಾಕಿ, ಹಿಟ್ಟು ಒಂದುಗೂಡಿದ ತಕ್ಷಣ ಕೈ ತೆಗೆ. ನಾದಬೇಡ. ನಾದಿದಷ್ಟೂ ಮೈದಾದ ಅಂಟು ಎಳೆ ಕಟ್ಟುತ್ತದೆ, ಓವನ್‌ಗೆ ಹೋದೊಡನೆ ಆ ಎಳೆ ಸೆಳೆದುಕೊಂಡು ಬಟ್ಟಲು ಕುಗ್ಗುತ್ತದೆ. ಮೊಟ್ಟೆ ಬೇಡವೆಂದರೆ 40 ಮಿ.ಲೀ. ತಣ್ಣಗಿನ ಹಾಲು ಸಾಕು, ಆದರೆ ಆಗ ಕೈ ಇನ್ನೂ ಹಗುರಾಗಿರಬೇಕು.

ಉಂಡೆ ಕಟ್ಟಬೇಡ, ಎರಡು ಚಪ್ಪಟೆ ಬಿಲ್ಲೆ ಮಾಡು. ಬೇಗ ತಣ್ಣಗಾಗುತ್ತದೆ, ಲಟ್ಟಿಸುವುದೂ ಸುಲಭ. ಸುತ್ತಿ ಫ್ರಿಜ್ಜಿನಲ್ಲಿ ಒಂದು ಗಂಟೆ. ಲಟ್ಟಿಸುವಾಗ ಎರಡು ಬೇಕಿಂಗ್ ಹಾಳೆಗಳ ನಡುವೆ ಇಟ್ಟು ಲಟ್ಟಿಸಿದರೆ ಒಣ ಮೈದಾ ಉದುರಿಸುವ ಗೋಜೇ ಇಲ್ಲ. ದಪ್ಪ 2.5 ಮಿ.ಮೀ. ಈ ಸಂಖ್ಯೆಯ ಬಗ್ಗೆ ನಾನು ಹಟಮಾರಿ: ನಾಲ್ಕು ಮಿ.ಮೀ. ಆದರೆ ಬಾಯಿಗೆ ಬರುವುದು ಬಿಸ್ಕತ್ತು, ಹಣ್ಣು ಎಲ್ಲೋ ಕಳೆದುಹೋಗುತ್ತದೆ. ಎರಡಕ್ಕಿಂತ ಕಡಿಮೆಯಾದರೆ ಟ್ರೇಯಿಂದ ಬಿಡಿಸುವಾಗಲೇ ಮುರಿಯುತ್ತದೆ. 6.5 ಸೆಂ.ಮೀ. ಬಿಲ್ಲೆಗಳನ್ನು ಕತ್ತರಿಸು, ಒಂದೊಂದೂ ಹತ್ತು ಗ್ರಾಂ ಆಸುಪಾಸು ತೂಗುತ್ತದೆ. ಉಳಿದ ಚೂರುಗಳನ್ನು ಒತ್ತಿ ಸೇರಿಸಿ, ತಣ್ಣಗಾಗಿಸಿ ಇನ್ನೊಮ್ಮೆ ಲಟ್ಟಿಸಬಹುದು. ಮೂರನೇ ಸಲ ಲಟ್ಟಿಸಿದ್ದು ಗಟ್ಟಿಯಾಗುತ್ತದೆ.

ಬಿಲ್ಲೆಯನ್ನು ಗುಳಿಯೊಳಗೆ ಇಳಿಬಿಡಬೇಕೇ ಹೊರತು ಎಳೆದು ಹಿಗ್ಗಿಸಬಾರದು. ತಳದ ಮೂಲೆಗೆ ಸರಿಯಾಗಿ ಕೂರುವಂತೆ ಬೆರಳಲ್ಲಿ ಮೆಲ್ಲಗೆ ಒತ್ತು, ಅಲ್ಲಿ ಗಾಳಿ ಉಳಿದರೆ ತಳ ಉಬ್ಬುತ್ತದೆ. ಫೋರ್ಕಿನಲ್ಲಿ ತಳಕ್ಕೆ ಎರಡು ಮೂರು ಸಲ ಚುಚ್ಚಿ, ಟ್ರೇ ಸಮೇತ ಫ್ರೀಜರಿನಲ್ಲಿ 20 ನಿಮಿಷ ಇಡು. ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ, ಆಮೇಲೆ ಬಟ್ಟಲು ಜಾರಿ ಕುಸಿಯಿತು ಅನ್ನುತ್ತಾರೆ. ಬೆಣ್ಣೆ ಮೆತ್ತಗಿದ್ದರೆ ಹಿಟ್ಟು ಗಟ್ಟಿಯಾಗುವ ಮೊದಲೇ ಅದು ಕರಗಿ ಗೋಡೆ ಕೆಳಗಿಳಿಯುತ್ತದೆ, ಅಷ್ಟೇ ಕಾರಣ. ಇನ್ನೂ ಭದ್ರತೆ ಬೇಕಿದ್ದರೆ ಪ್ರತಿ ಗುಳಿಗೂ ಒಂದು ಪುಟ್ಟ ಕಾಗದದ ಕಪ್ಪು ಇಟ್ಟು ಒಣ ಅಕ್ಕಿ ತುಂಬು.

ಓವನ್ 175 ಡಿಗ್ರಿ, ಟ್ರೇ ಮಧ್ಯದ ಅಂತಸ್ತಿನಲ್ಲಿ. ಫ್ಯಾನ್ ಇದ್ದರೆ 155ರಿಂದ 160. ಅಕ್ಕಿ ಇಟ್ಟಿದ್ದರೆ 10 ನಿಮಿಷಕ್ಕೆ ತೆಗೆದು ಮತ್ತೆ 5 ನಿಮಿಷ. ಇಲ್ಲದಿದ್ದರೆ ಒಟ್ಟು 13ರಿಂದ 15. ಅಂಚು ಬಂಗಾರದ ಬಣ್ಣಕ್ಕೆ ಬಂತೆಂದು ನಂಬಬೇಡ. ಒಂದನ್ನು ಎಬ್ಬಿಸಿ ತಿರುಗಿಸಿ ನೋಡು: ತಳವೂ ತಿಳಿ ಕಂದಾಗಿರಬೇಕು. ಬಿಳುಚಿದ ತಳ ಅಂದರೆ ಒಳಗೆ ನೀರಿದೆ ಎಂದರ್ಥ, ಅದು ಮೇಲೆ ಏನು ಬಳಿದರೂ ಮೆತ್ತಗಾಗುತ್ತದೆ. ಟ್ರೇಯಲ್ಲಿ ಐದು ನಿಮಿಷ ಬಿಟ್ಟು ಜಾಲರಿಗೆ ವರ್ಗಾಯಿಸು. ಬಿಸಿ ಟ್ರೇಯಲ್ಲೇ ಬಿಟ್ಟರೆ ಆವಿ ಹೊರಹೋಗಲು ದಾರಿ ಸಿಗುವುದಿಲ್ಲ.

ಪೂರ್ತಿ ತಣ್ಣಗಾದ ಮೇಲೆ ಒಳಗೆ ಒಂದು ಪದರ ಕರಗಿಸಿದ ಬಿಳಿ ಚಾಕೊಲೇಟ್ ಬಳಿ. 48ಕ್ಕೆ 100 ಗ್ರಾಂ ಸಾಕು. ಕೊಬ್ಬಿನ ಪದರ ನೀರನ್ನು ದಾಟಗೊಡುವುದಿಲ್ಲ, ಅದೇ ಅದರ ಕೆಲಸ, ರುಚಿ ಬೋನಸ್ಸು. ಬಿಸಿ ನೀರಿನ ಪಾತ್ರೆಯ ಮೇಲೆ ನಿಧಾನವಾಗಿ ಕರಗಿಸು, ಒಂದು ಹನಿ ನೀರು ಬಿದ್ದರೂ ಅದು ಗಂಟಾಗಿ ಬಿಗಿಯುತ್ತದೆ. ಬಟ್ಟಲು ಬಿಸಿಯಿದ್ದರೆ ಚಾಕೊಲೇಟ್ ಒಳಗೆ ಇಂಗಿಹೋಗಿ ಪದರವೇ ನಿಲ್ಲುವುದಿಲ್ಲ. ಬ್ರಷ್ ತಳದ ಮೂಲೆಗೂ ಹೋಗಲಿ, ಸೋರಿಕೆ ಶುರುವಾಗುವುದು ಅಲ್ಲಿಂದಲೇ.

ಕ್ರೀಮಿಗೆ: ಹಾಲು 400 ಮಿ.ಲೀ., ಮೊಟ್ಟೆಯ ಹಳದಿ 3, ಸಕ್ಕರೆ 80 ಗ್ರಾಂ, ಕಾರ್ನ್‌ಫ್ಲೋರ್ 35 ಗ್ರಾಂ, ಬೆಣ್ಣೆ 25 ಗ್ರಾಂ, ವೆನಿಲ್ಲಾ. ಹಳದಿ, ಸಕ್ಕರೆ, ಕಾರ್ನ್‌ಫ್ಲೋರ್ ಗಂಟಿಲ್ಲದಂತೆ ಕಲಕಿ, ಬಿಸಿ ಹಾಲನ್ನು ಸಣ್ಣ ಧಾರೆಯಲ್ಲಿ ಸುರಿಯುತ್ತಾ ಕಲಕು, ಮತ್ತೆ ಒಲೆಗೆ ಏರಿಸು. ದಪ್ಪಗಾದ ಕೂಡಲೇ ಇಳಿಸುವ ಆಸೆ ಬರುತ್ತದೆ, ಇಳಿಸಬೇಡ. ದಪ್ಪ ಗುಳ್ಳೆಗಳು ಎದ್ದ ಮೇಲೂ ಒಂದು ನಿಮಿಷ ಬಿಡದೆ ಕಲಕುತ್ತಾ ಕುದಿಸು. ಹಳದಿಯಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಇದೆ. ಕುದಿ ಸಾಲದಿದ್ದರೆ ಅದು ಉಳಿದುಕೊಂಡು, ರಾತ್ರಿ ಗಟ್ಟಿಯಿದ್ದ ಕ್ರೀಮನ್ನು ಬೆಳಗಾಗುವಷ್ಟರಲ್ಲಿ ನೀರು ಮಾಡಿಡುತ್ತದೆ. ಒಲೆಯಿಂದ ಇಳಿಸಿ ಬೆಣ್ಣೆ, ವೆನಿಲ್ಲಾ ಸೇರಿಸು. ನಿಂಬೆಯ ಘಮ ಬೇಕೆಂದರೆ ಸಿಪ್ಪೆಯ ತುರಿ ಹಾಕು, ರಸ ಬೇಡ. ಹುಳಿ ಪಿಷ್ಟದ ಹಿಡಿತವನ್ನು ಸಡಿಲಿಸುತ್ತದೆ. ಅಗಲ ತಟ್ಟೆಗೆ ಸುರಿದು, ಕ್ರೀಮಿನ ಮೈಗೇ ಅಂಟುವಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬೇಗ ತಣ್ಣಗಾಗಿಸಿ ಫ್ರಿಜ್ಜಿಗಿಡು. ಬಳಸುವ ಮುಂಚೆ ಕೈಯಲ್ಲಿ ಅರ್ಧ ನಿಮಿಷ ಕಲಕಿ ನುಣುಪು ಮಾಡಿದರೆ ಸಾಕು, ಮಿಕ್ಸರ್ ಹಾಕಿದರೆ ಕಟ್ಟು ಒಡೆದು ಹರಿಯತೊಡಗುತ್ತದೆ. ಮೊಟ್ಟೆಯಿಲ್ಲದೆ ಮಾಡುವುದಾದರೆ ಹಳದಿ ಬಿಟ್ಟು ಕಾರ್ನ್‌ಫ್ಲೋರನ್ನು 40 ಗ್ರಾಂಗೆ ಏರಿಸು.

ಇನ್ನು ಹಣ್ಣು. ಕಿವಿ, ಅನಾನಸ್, ಪಪಾಯ, ಅಂಜೂರ: ಈ ನಾಲ್ಕೂ ನೋಡಲು ಚೆಂದ, ಹಸಿಯಾಗಿ ಕ್ರೀಮಿನ ಮೇಲೆ ಕೂತರೆ ಉಪದ್ರವ. ಇವುಗಳ ಕಿಣ್ವಗಳು ಹಾಲಿನ ಪ್ರೋಟೀನನ್ನು ಕತ್ತರಿಸುತ್ತವೆ, ಕೆಲವೇ ಗಂಟೆಯಲ್ಲಿ ಕ್ರೀಮು ಕಹಿಯಾಗುತ್ತದೆ. ಕ್ರೀಮು ಗಟ್ಟಿಯಾಗಲೆಂದು ಜೆಲಟಿನ್ ಹಾಕಿದ್ದರಂತೂ ಗಟ್ಟಿಯೇ ಆಗುವುದಿಲ್ಲ. ಅನಾನಸ್ಸನ್ನು ಅದರದೇ ರಸದಲ್ಲಿ ಐದು ನಿಮಿಷ ಕುದಿಸಿ ಬಸಿದರೆ ತೊಂದರೆ ಹೋಯಿತು. ಡಬ್ಬಿಯದು ಮೊದಲೇ ಬಿಸಿ ಕಂಡಿರುವುದರಿಂದ ನೇರ ಬಳಸಬಹುದು. ಕಿವಿ ಬೇಕೇ ಬೇಕೆಂದರೆ ಬಡಿಸುವ ಕೊನೇ ಗಳಿಗೆಯಲ್ಲಿ ಇಡು. ಸೇಬು, ಬಾಳೆ ಬೇಗ ಕಪ್ಪಾಗುತ್ತವೆ, ತಾಜಾ ಅಲಂಕಾರಕ್ಕೆ ಬೇಡ. ಸ್ಟ್ರಾಬೆರಿ, ಬ್ಲೂಬೆರಿ, ಮಾವು, ದ್ರಾಕ್ಷಿ ನಂಬಬಹುದಾದವು. ಪುಟ್ಟ ಮಕ್ಕಳು ಬರುವುದಾದರೆ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಲೇಬೇಕು, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಸ್ಟ್ರಾಬೆರಿಯನ್ನು ತೊಟ್ಟಿನ ಸಮೇತ ತೊಳೆದು, ಒರೆಸಿ, ಆಮೇಲೆ ತೊಟ್ಟು ತೆಗೆ. ಮೊದಲೇ ತೆಗೆದರೆ ಒಳಗೆ ನೀರು ಕುಡಿಯುತ್ತದೆ. ಕತ್ತರಿಸಿದ ಹಣ್ಣನ್ನೆಲ್ಲ ಟಿಶ್ಯೂ ಕಾಗದದ ಮೇಲೆ ಹತ್ತು ನಿಮಿಷ ಹರಡು. ಮೇಲೆ ಸಕ್ಕರೆ ಉದುರಿಸಬೇಡ, ಅದು ಹಣ್ಣಿನ ನೀರನ್ನು ಹೊರಗೆಳೆಯುತ್ತದೆ. ಫ್ರೀಜರಿನಲ್ಲಿಟ್ಟ ಹಣ್ಣು ಕರಗಿದಾಗ ಅದರ ಕೋಶಗಳು ಒಡೆದು ರಸ ಸುರಿಯುವುದರಿಂದ ಇಲ್ಲಿಗೆ ಆಗದು.

ಜೋಡಿಸುವುದು ಬೇಗ ಮುಗಿಯುವ ಕೆಲಸ. ಪೈಪಿಂಗ್ ಬ್ಯಾಗಿನಿಂದ (ಕ್ರೀಮು ಹಿಂಡುವ ಚೀಲ) ಎರಡು ಟೀ ಚಮಚದಷ್ಟು ಕ್ರೀಮು, ಅಂಚಿಗಿಂತ ತುಸು ಕೆಳಗೆ. ಮೇಲೆ 8ರಿಂದ 10 ಗ್ರಾಂ ಹಣ್ಣು. ಒಂದರಲ್ಲಿ ಎರಡು ಬಗೆಗಿಂತ ಹೆಚ್ಚು ಹಣ್ಣು ತುರುಕಬೇಡ, ಒಂದೇ ತುತ್ತಿನಲ್ಲಿ ನಾಲ್ಕು ರುಚಿ ಯಾರಿಗೂ ತಿಳಿಯುವುದಿಲ್ಲ. 100 ಗ್ರಾಂ ಏಪ್ರಿಕಾಟ್ ಜಾಮಿಗೆ ಎರಡು ದೊಡ್ಡ ಚಮಚ ನೀರು ಹಾಕಿ ಬಿಸಿಮಾಡಿ, ಸೋಸಿ, ಬೆಚ್ಚಗಿರುವಾಗಲೇ ಹಣ್ಣಿಗೆ ತೆಳುವಾಗಿ ಸವರು. ಹೊಳಪಿನ ಜೊತೆಗೆ ಹಣ್ಣು ಒಣಗಿ ಸುಕ್ಕಾಗುವುದೂ ತಪ್ಪುತ್ತದೆ. ಕುದಿಯುವಷ್ಟು ಬಿಸಿಯಿದ್ದರೆ ಬೆರಿ ಬಾಡುತ್ತದೆ.

ಕ್ರೀಮಿನ ರಗಳೆಯೇ ಬೇಡ ಅನಿಸಿದರೆ ಸೇಬಿನ ಪುಟ್ಟ ಪೈ ಮಾಡು. ಸಿಪ್ಪೆ ತೆಗೆದ 500 ಗ್ರಾಂ ಸೇಬನ್ನು ಸಣ್ಣ ಚೌಕ ಮಾಡಿ 60 ಗ್ರಾಂ ಸಕ್ಕರೆ, 20 ಗ್ರಾಂ ಬೆಣ್ಣೆ, ಒಂದು ದೊಡ್ಡ ಚಮಚ ನಿಂಬೆರಸದ ಜೊತೆ ಪಾತ್ರೆಯ ತಳದಲ್ಲಿ ರಸ ಕಾಣದಂತಾಗುವವರೆಗೆ ಬೇಯಿಸಿ, ಪೂರ್ತಿ ತಣಿಸಿ, ಹಸಿ ಬಟ್ಟಲಿಗೆ ಮುಕ್ಕಾಲು ಭಾಗ ಮಾತ್ರ ತುಂಬಿ 180 ಡಿಗ್ರಿಯಲ್ಲಿ 20ರಿಂದ 22 ನಿಮಿಷ. ಉಕ್ಕಿ ಚೆಲ್ಲಿದ ರಸ ತಣಿದರೆ ಗೋಂದಿಗಿಂತ ಗಟ್ಟಿ, ಆದ್ದರಿಂದ ಬೆಚ್ಚಗಿರುವಾಗಲೇ ಟ್ರೇಯಿಂದ ಬಿಡಿಸು.

ಕೆಲಸ ಹಂಚಿಕೊಳ್ಳುವುದು ಹೀಗೆ: ಗುಳಿಗೆ ಕೂರಿಸಿದ ಹಸಿ ಬಟ್ಟಲು ಫ್ರೀಜರಿನಲ್ಲಿ ತಿಂಗಳವರೆಗೆ ಇರುತ್ತದೆ, ತೆಗೆದ ಹಾಗೇ ಓವನ್‌ಗೆ, ಎರಡು ನಿಮಿಷ ಜಾಸ್ತಿ. ಬೆಂದದ್ದು ಗಾಳಿಯಾಡದ ಡಬ್ಬಿಯಲ್ಲಿ ಮೂರು ದಿನ, ಹೊರಗೇ ಇರಲಿ, ಫ್ರಿಜ್ಜಿಗೆ ಬೇಡ. ಕ್ರೀಮು ಹಿಂದಿನ ದಿನ. ಜೋಡಣೆ ಬಡಿಸುವ ಎರಡು ಮೂರು ಗಂಟೆ ಮೊದಲು, ಆಮೇಲೆ ಫ್ರಿಜ್ಜಿನಲ್ಲೇ. ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಬಿಡುವಂತಿಲ್ಲ, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಹಾಲು ಮೊಟ್ಟೆಯ ಕ್ರೀಮು ಕೆಡುವುದು ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. ಅದಕ್ಕೇ 48ನ್ನೂ ಒಟ್ಟಿಗೆ ಇಡದೆ ಎರಡು ಕಂತಿನಲ್ಲಿ ಹೊರಗೆ ತಾ.

ನಿನ್ನ ಓವನ್‌ನಲ್ಲಿ ಫ್ಯಾನ್ ಇದೆಯೋ ಇಲ್ಲವೋ, ಎರಡು ಟ್ರೇ ಒಂದೇ ಅಂತಸ್ತಿನಲ್ಲಿ ಹಿಡಿಯುತ್ತವೆಯೋ ಬರಿ. ಮೇಲೊಂದು ಕೆಳಗೊಂದು ಇಡಬೇಕಾದರೆ ಎಂಟನೇ ನಿಮಿಷಕ್ಕೆ ಅವುಗಳ ಜಾಗ ಬದಲಿಸಬೇಕಾಗುತ್ತದೆ.

ಇಂತಿ ನಿನ್ನ
ಗೆಳೆಯ