ಅನಾಟಮಿಯಲ್ಲಿ ಫೇಲಾದಾಗ ಜೊತೆಗಿದ್ದವರಿಗೆ

ಮೊನ್ನೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ ನನಗೆ ಎಂ.ಎಸ್. ಆರ್ಥೋಪೆಡಿಕ್ಸ್, ಅಂದರೆ ಮೂಳೆ ಚಿಕಿತ್ಸೆಯ ಪಿಜಿ ಸೀಟು ಸಿಕ್ಕಿತು. ಫೋನ್ ಮಾಡಿದವರೆಲ್ಲ ರ‍್ಯಾಂಕ್ ಎಷ್ಟು ಅಂತ ಕೇಳಿದರು. ನನಗೆ ಮಾತ್ರ ವಿಜಯಪುರದಲ್ಲಿ ಎಂಬಿಬಿಎಸ್ ಮೊದಲ ವರ್ಷದ ರಿಸಲ್ಟ್ ಬಂದ ದಿನವೇ ನೆನಪಾಗುತ್ತಿತ್ತು. ಅವತ್ತು ಅನಾಟಮಿಯಲ್ಲಿ, ಅಂದರೆ ದೇಹರಚನೆಯ ವಿಷಯದಲ್ಲಿ, ಫೇಲಾಗಿದ್ದೆ.

ನಾನು ಬೀಳಗಿ ಹತ್ತಿರದ ಹಳ್ಳಿಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ದಪ್ಪ ಪುಸ್ತಕಗಳನ್ನು ಅರ್ಥವಾಗದೆ ಬಾಯಿಪಾಠ ಮಾಡುತ್ತಿದ್ದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೂಳೆ ಕೈಗೆ ಕೊಟ್ಟು ಇದು ಬಲಗೈಯದೋ ಎಡಗೈಯದೋ ಅಂದರೆ ಮಾತೇ ಹೊರಡುತ್ತಿರಲಿಲ್ಲ.

ಫೇಲಾದೆ ಅಂದಾಗ ಅಪ್ಪ ಬೈಯಲಿಲ್ಲ. "ಮತ್ತ ಪರೀಕ್ಷಿ ಯಾವಾಗ ಐತಿ?" ಅಂತಷ್ಟೇ ಕೇಳಿದ. ಅವ್ವ ಆ ವಾರವೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಬಸ್ಸಿಗೆ ಕೊಟ್ಟು ಕಳಿಸಿದಳು.

ಸಪ್ಲಿಮೆಂಟರಿ ಮುಗಿಯುವವರೆಗೆ ದಿನಾ ಸಂಜೆ ಲೈಬ್ರರಿಯಲ್ಲಿ ನನಗೆ ಪಾಠ ಹೇಳಿದ್ದು ಒಬ್ಬ ಸೀನಿಯರ್ ಅಕ್ಕ. ಅವರಿಗೂ ಪರೀಕ್ಷೆ ಇತ್ತು. ಎಲ್ಲವನ್ನೂ ಕನ್ನಡದಲ್ಲೇ ಹೇಳಿದರು. ತೋಳಿನ ಹ್ಯೂಮರಸ್ ಮೂಳೆಯ ಹಿಂದೆ ರೇಡಿಯಲ್ ನರ ಸುತ್ತಿಕೊಂಡು ಹೋಗುತ್ತದೆ. ಮೂಳೆ ಮುರಿದಾಗ ನರಕ್ಕೂ ಪೆಟ್ಟಾದರೆ ಮಣಿಕಟ್ಟು ಮೇಲೆತ್ತಲು ಬರುವುದಿಲ್ಲ. ಅದನ್ನು ತಮ್ಮ ಕೈಯನ್ನೇ ಜೋತುಬಿಟ್ಟು ತೋರಿಸಿದ್ದರು. ಪಾಸಾದ ಮೇಲೆ ಅವರಿಗೆ ಕೊಲ್ಹಾರದ ಗಡಿಗೆ ಮೊಸರು ತಂದುಕೊಟ್ಟಿದ್ದೆ. ಅದು ಯಾವ ಲೆಕ್ಕಕ್ಕೂ ಸಾಲದು, ಅಲ್ವಾ?

ಇಂಟರ್ನ್‌ಶಿಪ್‌ನಲ್ಲಿ ಒಂದು ರಾತ್ರಿ ಬೈಕ್‌ನಿಂದ ಬಿದ್ದವರೊಬ್ಬರು ತೋಳು ಮುರಿದುಕೊಂಡು ಬಂದರು. ಪಟ್ಟಿ ಕಟ್ಟುವ ಮುಂಚೆ ಮಣಿಕಟ್ಟು ಎತ್ತಿ ಅಂದೆ. ಏಳಲಿಲ್ಲ. ಕೂಡಲೇ ಡ್ಯೂಟಿ ಸರ್‌ಗೆ ಹೇಳಿದೆ. ಮೂಳೆಯ ಡಾಕ್ಟರ್ ಆಗಬೇಕು ಅಂತ ತೀರ್ಮಾನ ಮಾಡಿದ್ದು ಅವತ್ತೇ.

ಪಿಜಿ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ ನೀಟ್ ಪಿಜಿ ಅಂದರೆ 200 ಪ್ರಶ್ನೆ, 800 ಅಂಕ. ಸರಿಯಾದರೆ 4, ತಪ್ಪಾದರೆ ಒಂದು ಅಂಕ ಕಡಿತ. ಮೊದಲ ಸಲ ಈ ಸೀಟು ಸಿಗುವಷ್ಟು ರ‍್ಯಾಂಕ್ ಬರಲಿಲ್ಲ. ಮತ್ತೆ ಒಂದು ವರ್ಷ ಓದಿದೆ. ನನ್ನ ರೂಮ್‌ಮೇಟ್ ಪ್ರತಿ ರಾತ್ರಿ ನಾನು ತಪ್ಪು ಮಾಡಿದ ಪ್ರಶ್ನೆಗಳನ್ನು ತಿರುಗಿ ಕೇಳುತ್ತಿದ್ದ. ಅವನ ಋಣ ಜಾಸ್ತಿ ಇದೆ.

ದಾಖಲೆ ತಪಾಸಣೆಯ ದಿನ ಮೊದಲ ವರ್ಷದ ಅಂಕಪಟ್ಟಿ ಕೊಡುವಾಗ ಕೈ ನಡುಗಿತು. ಅಲ್ಲಿದ್ದವರು ನೋಡಿ, ಸುಮ್ನೆ ಮುಂದಿನ ಹಾಳೆ ತಿರುವಿದರು. ಸೀಟು ಹಂಚುವುದು ನೀಟ್ ರ‍್ಯಾಂಕ್ ಮೇಲೆ. ಅದು ಗೊತ್ತಿದ್ದರೂ ಇಷ್ಟು ವರ್ಷ ಹೆದರಿದ್ದೆ.

ಅಕ್ಕ ಆಗ ಬರೆದುಕೊಟ್ಟ ಚಿತ್ರಗಳು ಇನ್ನೂ ನನ್ನ ಹತ್ತಿರ ಇವೆ. ಈ ಸಲ ಅನಾಟಮಿ ಸಪ್ಲಿಮೆಂಟರಿ ಬರೆಯುವ ತಮ್ಮ ತಂಗಿಯರು ಕೇಳಿ, ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ. ಅರ್ಥವಾಗದಿದ್ದರೆ ಫೋನ್ ಮಾಡಿ, ಕನ್ನಡದಲ್ಲೇ ಹೇಳುತ್ತೇನೆ.