ಶಾನುಭೋಗ ತಾತನ ಬಗ್ಗೆ ಮಾತಾಡುವ ಮುನ್ನ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಚಿಕ್ಕಬಳ್ಳಾಪುರದ ಗ್ರಂಥಾಲಯದಲ್ಲಿ ತಾತನ ಮೇಲಿನ ಪುಸ್ತಕದ ಬಗ್ಗೆ ಮಾತಾಡಲು ನಿನಗೆ ಕೊಟ್ಟಿರುವ ಒಂದು ಗಂಟೆಯನ್ನು ನಲವತ್ತೇ ನಿಮಿಷ ಅಂದುಕೋ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು ಮಿಕ್ಕಿದ್ದನ್ನು ನುಂಗುತ್ತವೆ. ಪುಸ್ತಕದಿಂದ ಎರಡು ಪುಟಕ್ಕಿಂತ ಹೆಚ್ಚು ಓದಬೇಡ, ನಿಧಾನವಾಗಿ ಓದಿದರೆ ಪುಟಕ್ಕೆ ಮೂರು ನಿಮಿಷ ಬೇಕು.

ಹಿಂಬದಿಯ ರಕ್ಷಾಪುಟದಲ್ಲಿ ತಾತ ಊರಿನ ಲೆಕ್ಕ ಬರೆಯುವ ಶಾನುಭೋಗಿಕೆಗೆ ಬಂದದ್ದು 1876 ಅಂತಿದೆ. ಮನೆಯ ಕಾಗದದಲ್ಲಿರುವುದು ಧಾತು ಸಂವತ್ಸರದ ಮಾಘ. ಧಾತು ಶುರುವಾದದ್ದು 1876ರ ಯುಗಾದಿಗೆ ನಿಜ, ಆದರೆ ಮಾಘ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ತಿರುಗಿ 1877 ಆಗಿತ್ತು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದಲ್ಲ, 1816ರದ್ದೂ ಧಾತುವೇ. ಇದೇ ಯಾಕೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಅದೇ ಕಾಗದದಲ್ಲಿ ಬರದ ಮಾತಿದೆ, ಅದನ್ನೇ ತೋರಿಸು: ಧಾತು-ಈಶ್ವರದ ಬರ 1876-78ರದ್ದು.

‘ಮಹಾರಾಜರೇ ಸನದು ಕೊಟ್ಟರು’ (ಸನದು ಅಂದರೆ ಅಧಿಕಾರ ಕೊಡುವ ಪತ್ರ) ಅನ್ನುವ ಮನೆಮಾತನ್ನು ವೇದಿಕೆಗೆ ತರಬೇಡ. ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು, ಒಡೆಯರಿಗೆ ರಾಜ್ಯ ಮರಳಿದ್ದು 1881ರಲ್ಲಿ. ‘ಚಿಕ್ಕಬಳ್ಳಾಪುರ ಜಿಲ್ಲೆಯ ಶಾನುಭೋಗ’ ಅನ್ನುವುದೂ ತಪ್ಪು, ಈ ಜಿಲ್ಲೆ ಆದದ್ದು 2007ರಲ್ಲಿ. ಹಳೆಯ ಕಡತಗಳನ್ನು ಹುಡುಕುವವರು ಕೋಲಾರದ ಹೆಸರಲ್ಲೇ ಹುಡುಕಬೇಕು ಅಂತ ಹೇಳು, ನಾಲ್ಕು ಜನಕ್ಕೆ ಉಪಯೋಗ ಆಗುತ್ತದೆ.

ಜನ ಬರುವುದೇ ತಾತನ ಕರಿ ಬಟ್ಟೆಯ ಕಡತ ನೋಡೋಕೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಕೆ ಹಾಕಿದ್ದು, ಮೇಲೆ ಬಳಪದ ಬರಹ. ಬೆರಳು ತಾಗಿದರೆ ಅಕ್ಷರ ಅಳಿಸುತ್ತದೆ, ಮಡಿಕೆಯ ಗೆರೆಯಲ್ಲಿ ಲೇಪ ಉದುರುತ್ತದೆ, ತೇವ ತಗುಲಿದರೆ ಅಂಟು ಮೆತ್ತಗಾಗಿ ಹಾಳೆಗೆ ಹಾಳೆ ಕಚ್ಚಿಕೊಳ್ಳುತ್ತದೆ. ಕೈಯಿಂದ ಕೈಗೆ ಕೊಡಲೇಬೇಡ. ಒಂದೇ ಮಡಿಕೆ ಬಿಚ್ಚಿಟ್ಟು ಗಾಜು ಮುಚ್ಚು, ಗಾಜು ಬರಹಕ್ಕೆ ತಾಗದಂತೆ ನಾಲ್ಕು ಮೂಲೆಗೂ ರಟ್ಟಿನ ತುಂಡು ಇಡು. ಪರದೆಯ ಮೇಲೆ ತೋರಿಸುವ ಫೋಟೋವನ್ನು ಪಕ್ಕದಿಂದ ಓರೆಯಾಗಿ ಬೆಳಕು ಬೀಳುವಾಗ ತೆಗೆ. ನೇರ ಫ್ಲಾಶ್ ಹೊಡೆದರೆ ಕಪ್ಪು ಮಿರುಗಿ ಬಳಪ ಮಾಯ. ಇನ್ನೊಂದು ಮಾತು: ಕಡತವನ್ನು ಒರೆಸಿ ಮತ್ತೆ ಬರೆಯುತ್ತಿದ್ದರು. ಒಂದು ಸಾಲಿನಲ್ಲಿ ಸಂವತ್ಸರ ಸಿಕ್ಕಿತು ಅಂತ ಇಡೀ ಕಡತಕ್ಕೆ ಅದೇ ವರ್ಷ ಅಂಟಿಸಬೇಡ.

ಖಂಡುಗ ಅಂದರೆ ಎಷ್ಟು ಎಕರೆ ಅಂತ ಖಂಡಿತ ಕೇಳುತ್ತಾರೆ. ಅದು ಬಿತ್ತನೆಯ ಲೆಕ್ಕ: ಇಪ್ಪತ್ತು ಕೊಳಗ (ಕಾಳು ಅಳೆಯುವ ಹಳೆಯ ಅಳತೆ) ಬೀಜ ಹಿಡಿಯುವಷ್ಟು ನೆಲ, ಮಳೆ ನಂಬಿದ ಖುಷ್ಕಿಯಲ್ಲಿ ಹೆಚ್ಚು, ನೀರಾವರಿಯ ತರಿಯಲ್ಲಿ ಕಡಿಮೆ. ಒಂದೇ ಅಂಕಿ ಹೇಳಿದೆಯೋ, ಯಾರದೋ ಜಮೀನು ವ್ಯಾಜ್ಯಕ್ಕೆ ನೀನು ಸಾಕ್ಷಿ ಆಗುತ್ತೀಯ.

ಕಂದಾಯ ಬಾಕಿಯ ಪಟ್ಟಿಯಲ್ಲಿರುವ ಹೆಸರುಗಳ ಮೊಮ್ಮಕ್ಕಳೂ ಮರಿಮಕ್ಕಳೂ ಎದುರಿಗೇ ಕೂತಿರುತ್ತಾರೆ. ಆ ಪುಟ ಪರದೆಗೆ ಬರುವುದಾದರೆ ಹೆಸರು ಮುಚ್ಚು. ತಾತ ಬರದಲ್ಲಿ ಊರಿಗೆಲ್ಲ ಅನ್ನ ಹಾಕಿದರು ಅಂತ ನಮ್ಮ ಮನೆಯಲ್ಲಿ ಹೇಳುತ್ತೇವೆ. ಕಡತದಲ್ಲಿ ಇರುವುದು ವಸೂಲಿ. ಎರಡನ್ನೂ ಹೇಳು, ಯಾವುದು ಎಲ್ಲಿಂದ ಬಂತು ಅಂತಲೂ ಹೇಳು. ದೇವರಂತೆ ಕೂರಿಸಿದರೆ ಹಿಂದಿನ ಸಾಲಿನಲ್ಲಿ ಯಾರಾದರೂ ನಗುತ್ತಾರೆ, ಅವರು ನಗುವುದರಲ್ಲಿ ತಪ್ಪೂ ಇರುವುದಿಲ್ಲ.

ಹಿರಿಯರು ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲೇ ಉತ್ತರ ಕೊಡು, ಆಮೇಲೆ ಕನ್ನಡದಲ್ಲಿ ಒಂದು ಸಲ ಹೇಳು. ಪುಸ್ತಕದ ಮೇಜಿಗೆ ತಮ್ಮನನ್ನು ಕೂರಿಸು, ಚಿಲ್ಲರೆ ಇಟ್ಟುಕೊಂಡಿರಲಿ.

ಇಂತಿ,
ಅಪ್ಪ