ಗಣಿ ನಿಂತ ಮೇಲೂ ಊರಿಗೊಂದು ಗುರುತು ಇರುತ್ತದೆ

ಮಾನ್ಯರೇ,

ಜರ್ಮನಿಯ ರೂರ್ ಪ್ರದೇಶದ ಕೊನೆಯ ಕಲ್ಲಿದ್ದಲು ಗಣಿ 2018ರಲ್ಲಿ ಮುಚ್ಚಿತು. ಆದರೆ ಗಣಿಗೆ ಇಳಿಯುವವರು ಹೇಳುತ್ತಿದ್ದ 'ಗ್ಲ್ಯುಕ್ ಔಫ್' ಎಂಬ ಹಾರೈಕೆ ಅಲ್ಲಿನವರ ಬಾಯಲ್ಲಿ ಇನ್ನೂ ಇದೆ. ಎಸೆನ್ ನಗರದ ಹಳೇ ಗಣಿಯೊಂದು 2001ರಲ್ಲೇ ಯುನೆಸ್ಕೊ ಪಟ್ಟಿ ಸೇರಿದೆ.

ಇದನ್ನು ಓದಿದಾಗ ನಮ್ಮ ಜಿಲ್ಲೆಯ ಕುದುರೆಮುಖ ನೆನಪಾಯಿತು. ಇಲ್ಲಿ ತೆಗೆಯುತ್ತಿದ್ದದ್ದು ಕಬ್ಬಿಣದ ಅದಿರು, ಅಷ್ಟೇ ವ್ಯತ್ಯಾಸ. ಅದಿರಿನ ರಾಡಿ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರು ಸೇರುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಭದ್ರೆ ಹುಟ್ಟುವ ಕಾಡು ಅದು, ಅದರಲ್ಲಿ ಎರಡು ಮಾತಿಲ್ಲ.

ಆದರೆ 'ಗಣಿ ಕಾಲೊನಿಗೆ ಎಂಥ ಸಂಸ್ಕೃತಿ? ಎಲ್ಲಿಂದಲೋ ಬಂದು ಹೋದವರು' ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಹಾಗೆ ನೋಡಿದರೆ ಕಾಫಿಯೂ ಹೊರಗಿಂದಲೇ ಬಂದದ್ದು, ಅಲ್ವಾ? ಈಗ ಚಿಕ್ಕಮಗಳೂರು ಎಂದರೆ ಕಾಫಿ. ಮಳೆ ನಿಲ್ಲದ ಆ ಊರಿನಲ್ಲಿ ಪಾಳಿ ಕೆಲಸ ಮಾಡಿದವರು, ಅಕ್ಕಪಕ್ಕದ ಮನೆಯಿಂದ ತುಳು, ತಮಿಳು ಕಲಿತ ಮಕ್ಕಳು ಇವತ್ತಿಗೂ 'ನಾವು ಕುದುರೆಮುಖದವರು' ಅಂತಲೇ ಹೇಳಿಕೊಳ್ಳುತ್ತಾರೆ. ಸುಮ್ನೆ ಹೇಳುವ ಮಾತಲ್ಲ ಅದು.

ಕಾಡಿನೊಳಗೆ ಹೊಸ ಕಟ್ಟಡ ಬೇಡವೇ ಬೇಡ. ಕಳಸದಲ್ಲಿ ಒಂದು ಕೋಣೆ ಸಾಕು. ಹಳೇ ಫೋಟೊ, ಹೆಲ್ಮೆಟ್ಟು, ಕಾರ್ಮಿಕರ ನೆನಪಿನ ಧ್ವನಿಮುದ್ರಣ ಅಲ್ಲಿ ಇಡಬಹುದು. ಆಗ ದುಡಿದವರಿಗೆಲ್ಲ ಈಗ ವಯಸ್ಸಾಗಿದೆ. ಜಿಲ್ಲಾಡಳಿತ ಬೇಗ ಮನಸ್ಸು ಮಾಡಲಿ.

– ಓದುಗ, ಮೂಡಿಗೆರೆ